ಗಂಟಲು ಹೋದ ಮೇಲೆ ಬಂದ ಪರವಾನಗಿ

ತಾಲೂಕಿನ ದೊಡ್ಡ ಖುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ನಮ್ಮೂರ ಇಸ್ಮಾಯಿಲಸಾಬ ಸಾಲಿಯ ಬಯಲಿನಲ್ಲಿ ಒಂದು ಮಧ್ಯಾಹ್ನ ಹಾಡಬಹುದು ಎಂದು ತಾವು ದಯಮಾಡಿ ಕೊಟ್ಟ ಪರವಾನಗಿ ಮಾರ್ಚ್ ಹನ್ನೊಂದರಂದು ನನ್ನ ಕೈ ಸೇರಿತು. ಹುಬ್ಬಳ್ಳಿಯ ಡಾಕ್ಟರು ಅವನ ಧ್ವನಿಪೆಟ್ಟಿಗೆ ಕೊಯ್ದು ತೆಗೆದದ್ದು ಮಾರ್ಚ್ ಮೂರರಂದು. ನಾವು ಅರ್ಜಿ ಕೊಟ್ಟದ್ದು ಜನವರಿ ಇಪ್ಪತ್ತೇಳಕ್ಕೆ. ತಮ್ಮ ಕಚೇರಿಯಲ್ಲಿ ಯಾರಾದರೂ ಈ ಮೂರು ತಾರೀಖುಗಳನ್ನು ಸಾಲಾಗಿಟ್ಟು ಒಮ್ಮೆ ನೋಡಿದ್ದರೆ, ಈ ಮುದುಕ ಪತ್ರಿಕೆಯ ಮೂಲಕ ತಮ್ಮನ್ನು ಕೂಗಬೇಕಾಗಿರಲಿಲ್ಲ.

ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವನು. ಕಿರಾಣಿ ಅಂಗಡಿಯ ಪೊಟ್ಟಣ ಬಿಚ್ಚಿ ಓದುತ್ತ ಅಕ್ಷರ ಗಟ್ಟಿ ಮಾಡಿಕೊಂಡೆ. ನಲವತ್ತು ವರ್ಷದಿಂದ ಊರವರ ಪರವಾಗಿ ತಂಗಿಯರಿಗೆ, ಬೀಗರಿಗೆ, ಮಿಲಿಟರಿಯಲ್ಲಿರುವ ಮಕ್ಕಳಿಗೆ ಪತ್ರ ಬರೆಯುತ್ತಿದ್ದೇನೆ. ಅಧಿಕಾರಿಗಳಿಗೆ ಬರೆದು ರೂಢಿಯಿಲ್ಲ. ಹೀಗಾಗಿ ತಾವೂ ಮನೆಮಂದಿಯೂ ಆರಾಮ ಇದ್ದೀರೆಂದು ನಂಬಿ ಮುಂದಿನದನ್ನು ಬರೆಯುತ್ತೇನೆ.

ಹರದೇಶಿ-ನಾಗೇಶಿ ಹಾಡು ತಾವು ಕೇಳಿರಲಿಕ್ಕಿಲ್ಲ; ವರ್ಗವಾಗಿ ಬಂದವರು. ಎರಡು ಮೇಳ ಎದುರುಬದುರು ನಿಲ್ಲುತ್ತವೆ. ಹರದೇಶಿಯವರು ಶಿವ ದೊಡ್ಡವನು, ಗಂಡು ಹೆಚ್ಚು ಎನ್ನಬೇಕು. ನಾಗೇಶಿಯವರು ಶಕ್ತಿ ದೊಡ್ಡವಳು, ಹೆಣ್ಣು ಹೆಚ್ಚು ಎನ್ನಬೇಕು. ಒಬ್ಬರು ಹಾಡಿನಲ್ಲಿ ಪ್ರಶ್ನೆ ಎಸೆದರೆ ಇನ್ನೊಬ್ಬರು ನಿಂತ ನಿಲುವಿನಲ್ಲೇ ಹಾಡು ಕಟ್ಟಿ ಉತ್ತರ ಕೊಡಬೇಕು. ತೀರ್ಪು ಕೂಡಿದ ಮಂದಿಯದು. ನಮ್ಮ ಇಸ್ಮಾಯಿಲಸಾಬ ದಪ್ಪು ಬಾರಿಸುತ್ತ ಶಿವನ ಪರವಾಗಿ ಹಾಡಿದವನು. ತೊರಗಲ್ಲಿನ ಬಾಯವ್ವ ಶಕ್ತಿಯ ಪರವಾಗಿ. ಮೂವತ್ತೆಂಟು ವರ್ಷ ಇಬ್ಬರೂ ಕಚ್ಚಾಡಿದ್ದಾರೆ. ಅವರ ಬಾಯಿಯ ಬೈಗುಳ ಕೇಳಲು ಬೈಲಹೊಂಗಲದಿಂದ ಮಂದಿ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದರು.

ಜನವರಿಯಲ್ಲಿ ಡಾಕ್ಟರು ಗಂಟಲಲ್ಲಿ ಹುಣ್ಣು ಕಂಡು, ಪೆಟ್ಟಿಗೆ ತೆಗೆದರೆ ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದರು. ಇಸ್ಮಾಯಿಲಸಾಬ ಮನೆಗೆ ಬಂದು ನನ್ನ ಕಟ್ಟೆಯ ಮೇಲೆ ಕುಳಿತ. "ಈರಣ್ಣಾ, ತೆಗೀಲಿ ಬಿಡು. ಆದ್ರ ಅದಕ್ಕೂ ಮೊದ್ಲ ಬಾಯಕ್ಕನ ಕೂಡ ಒಂದ್ ಸರ್ತಿ ನಿಲ್ಲಬೇಕು. ಅಕಿ ಕೇಳಬೇಕು, ನಾ ಹೇಳಬೇಕು, ಮಂದಿ ಕೇಳಬೇಕು. ಆಮ್ಯಾಲ ಬೇಕಾದ್ರ ಕುತ್ತಿಗೀನ ಕೊಡ್ತೇನಿ" ಅಂದ. ಫೆಬ್ರುವರಿ ಇಪ್ಪತ್ಮೂರು, ಭಾನುವಾರ ಎಂದು ದಿನ ಹಿಡಿದೆವು. ಅರ್ಜಿ ನಾನೇ ಬರೆದೆ.

ತಮ್ಮ ಗುಮಾಸ್ತರು ಅರ್ಜಿ ಓದಿ, "ಏನೇನ್ ಹಾಡ್ತೀರಿ ಅದನ್ನೆಲ್ಲಾ ಬರದ ಕೊಡ್ರಿ. ಮೂರ ಪ್ರತಿ" ಎಂದರು.

"ಸಾಹೇಬ್ರ, ಅಕಿ ಏನ್ ಕೇಳ್ತಾಳಂತ ಅಲ್ಲೇ ಗೊತ್ತಾಗೂದ್ರಿ. ಉತ್ತರಾ ಇವತ್ತ ಹೆಂಗ ಬರದ ಕೊಡೂದು?"

"ಹಂಗಾರ ಅಕೀನ್ನ ಮೊದ್ಲ ಕೇಳಿ ಬರ್ರಿ. ಇದೇನ್ ದೊಡ್ಡ ಮಾತ್ರಿ?"

ಮಾನ್ಯರೇ, ಅದು ದೊಡ್ಡ ಮಾತೇ. ಪ್ರಶ್ನೆಯನ್ನು ಮೊದಲೇ ಕೇಳಿಕೊಂಡ ಹಾಡುಗಾರ ಆಗಲೇ ಸೋತ ಎಂದು ಈ ಮೇಳಗಳಲ್ಲಿ ಕಟ್ಟಳೆ. ಅದು ಗೊತ್ತಿದ್ದೂ ನಾನು ಬಸ್ಸು ಹತ್ತಿ ತೊರಗಲ್ಲಿಗೆ ಹೋದೆ. ಬಾಯವ್ವ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ವಿಷಯ ಕೇಳಿದ್ದೇ ಮೊರ ಪಕ್ಕಕ್ಕಿಟ್ಟಳು.

"ನಾಚಿಕಿ ಬರಂಗಿಲ್ಲೇನೊ ಈರಪ್ಪಾ? ಆ ಸಾಬಗ ನನ್ನ ಎದುರ ನಿಲ್ಲಾಕ ದಮ್ಮ ಇಲ್ಲಂತ ನಿನ್ನ ಕಳಿಸ್ಯಾನೇನು?"

ಗಂಟಲಿನ ಸುದ್ದಿ ಹೇಳಿದೆ. ಸೆರಗಿನಿಂದ ಮೂಗೊರೆಸಿಕೊಂಡು, "ಬರಕೋ" ಎಂದಳು. ಅವಳ ಪ್ರಶ್ನೆ ಇದು: "ಗಂಡ ಹೆಚ್ಚಂತ ಹಾಡಾವನ, ಪೆಟ್ಟ ಬಿದ್ರ ಅವ್ವಾ ಅಂತ ಚೀರ್ತೀಯಲ್ಲ, ಅಪ್ಪಾ ಅಂತ ಯಾಕ ಚೀರೂದಿಲ್ಲ?"

ಕಾಗದ ಹಿಡಿದು ಇಸ್ಮಾಯಿಲಸಾಬನ ಮುಂದೆ ಕುಳಿತೆ. ಓದಲು ಬಾಯಿ ತೆಗೆಯುವಷ್ಟರಲ್ಲಿ ಅವನು ಎರಡೂ ಅಂಗೈಗಳಿಂದ ಕಿವಿ ಮುಚ್ಚಿಕೊಂಡ. "ಓದಬ್ಯಾಡ. ದೋಸ್ತ ಆಗಿದ್ರ ಓದಬ್ಯಾಡ" ಅಂದ. ನಾನು ಓದಲಿಲ್ಲ. ಮನೆಗೆ ಬಂದು, ಅವನ ಹೆಸರಿನಲ್ಲಿ ಉತ್ತರದ ಹನ್ನೊಂದು ನುಡಿ ನಾನೇ ಕಟ್ಟಿ, ಮೂರು ಪ್ರತಿ ಮಾಡಿ ತಮ್ಮ ಕಚೇರಿಗೆ ಕೊಟ್ಟೆ. ಸರಕಾರಕ್ಕೆ ಸುಳ್ಳು ಕಾಗದ ಕೊಟ್ಟೆನೆಂದು ಇಲ್ಲಿ ಎಲ್ಲರೆದುರು ಒಪ್ಪಿಕೊಳ್ಳುತ್ತೇನೆ. ಹಾಡು ಕಟ್ಟುವುದು ನನಗೆ ಬಾರದು. ಅಂದವಾಗಿ ಕಾಣಲೆಂದು ಒಂದು ನುಡಿಯಲ್ಲಿ, ಶಿವನೂ ಪೀರನೂ ಒಂದೇ ಕಂಬಳಿ ಹೊದ್ದವರು ಎಂದು ಬರೆದಿದ್ದೆ.

ಆ ಕಂಬಳಿಯೇ ನಮಗೆ ಉರುಳಾಯಿತು. ಕಾಗದ ಅಭಿಪ್ರಾಯಕ್ಕಾಗಿ ಪೊಲೀಸರಿಗೆ ಹೋಯಿತು. ಠಾಣೆಯಲ್ಲಿ ನನ್ನನ್ನು ಕೂರಿಸಿ, "ಮುಸಲ್ಮಾನ ಮನಿಷ್ಯಾ ಶಿವನ ಪರವಾಗಿ ಯಾಕ ಹಾಡ್ಬೇಕ್ರಿ? ನಾಳೆ ಗದ್ದಲಾದ್ರ ಯಾರ ಜವಾಬ್ದಾರಿ?" ಎಂದು ಕೇಳಿದರು. ಮೂವತ್ತೆಂಟು ವರ್ಷದಲ್ಲಿ ಈ ಪ್ರಶ್ನೆ ಬಾಯವ್ವನೂ ಎಸೆದಿರಲಿಲ್ಲ. ಅವಳು ಅವನನ್ನು ಹೇಡಿ ಎಂದಿದ್ದಾಳೆ, ಹೆಂಡತಿಗೆ ಅಂಜುವವ ಎಂದಿದ್ದಾಳೆ. ನೀನ್ಯಾಕೆ ಶಿವನ ಪರ ಎಂದು ಕೇಳುವುದು ಅವಳಿಗೆ ಹೊಳೆದಿಲ್ಲ. ತಮ್ಮ ಇಲಾಖೆಗಳಿಗೆ ಹೊಳೆಯಿತು. ಇಪ್ಪತ್ಮೂರನೇ ತಾರೀಖು ದಾಟಿಹೋಯಿತು. "ಕಾಗದ ಸಾಹೇಬ್ರ ಟೇಬಲ್ ಮ್ಯಾಲ ಐತಿ, ವಿಚಾರ ನಡದೈತಿ" ಎಂಬ ಮಾತು ಕೇಳಲು ನಾನು ಆರು ಸಲ ತಮ್ಮ ಮೆಟ್ಟಿಲು ಹತ್ತಿದ್ದೇನೆ.

ಇನ್ನೊಂದು ಅರ್ಜಿ ಮಾತ್ರ ತಮ್ಮ ಟೇಬಲ್ಲಿನ ಮೇಲೆ ಕಾಲು ಚಾಚಿ ಮಲಗಲಿಲ್ಲ. ಮಾರ್ಚ್ ಒಂದಕ್ಕೆ ವಿಶ್ವಕಪ್ಪಿನ ಭಾರತ-ಪಾಕಿಸ್ತಾನ ಆಟವಿತ್ತಲ್ಲ, ಅಂದು ನಮ್ಮೂರ ಹೊರಗಿನ ರಸ್ತೆಯಲ್ಲಿ ಹೊಸ ಧಾಬಾದವರು ಶಾಮಿಯಾನ ಹಾಕಿ, ದೊಡ್ಡ ಪರದೆ ಕಟ್ಟಿ, ಆರ್ಕೆಸ್ಟ್ರಾ ತರಿಸಿ ಒಂದು ದಿನದ ಮಟ್ಟಿಗೆ ದಾರು ಮಾರಿದರು. ದಾರುವಿನ ಪರವಾನಗಿ ಅಬಕಾರಿಯವರದು ಎನ್ನುತ್ತೀರಿ, ಒಪ್ಪಿದೆ. ಧ್ವನಿವರ್ಧಕದ್ದು, ಮನರಂಜನೆಯದು ತಮ್ಮದೇ ರುಜು. ಎರಡೇ ದಿನದಲ್ಲಿ ಸಿಕ್ಕಿತೆಂದು ಆ ಮಾಲೀಕರೇ ಹೆಮ್ಮೆಯಿಂದ ಹೇಳಿದರು. ಕೇಳುತ್ತೇನೆ, ಮಾನ್ಯರೇ: ಕುಡಿದವರು ಏನೇನು ಕೂಗುವರೆಂದು ಮೂರು ಪ್ರತಿ ಬರೆಸಿಕೊಂಡಿರಾ? ಅವರು ಕೂಗಿದ್ದು ಇಸ್ಮಾಯಿಲಸಾಬನ ಓಣಿಯವರೆಗೂ ಕೇಳಿತು. ಅದನ್ನು ನಾನಿಲ್ಲಿ ಬರೆಯಲಾರೆ. ಅವನು ಮರುದಿನ ಹುಬ್ಬಳ್ಳಿಗೆ ಹೊರಡುವವನಿದ್ದ. ಪಡಸಾಲೆಯಲ್ಲಿ ಕುಳಿತು ಎಲ್ಲವನ್ನೂ ಕೇಳಿ, "ಇವರ ಗಂಟಲ ಗಟ್ಟಿ ಅದಾವ ನೋಡು" ಅಂದ. ಅಷ್ಟೇ ಅಂದ.

ಪರವಾನಗಿ ಇಲ್ಲದೆ ಹಾಡಬಹುದಿತ್ತಲ್ಲ, ಯಾರು ತಡೆದಿದ್ದರು ಎಂದು ಬಸ್ಸಿನಲ್ಲಿ ಒಬ್ಬ ಮಾಸ್ತರರು ನನ್ನನ್ನು ಕೇಳಿದರು. ಹಾಡಬಹುದಿತ್ತು. ಆದರೆ ಠಾಣೆಯಲ್ಲಿ ಆ ಮಾತು ಕೇಳಿಸಿಕೊಂಡ ಮೇಲೆ, ಹಾಡುವ ಮುದುಕನನ್ನು ಮಂದಿಯೆದುರು ಜೀಪು ಹತ್ತಿಸಿದರೆ ಏನು ಗತಿ ಎಂದು ನಾನು ಹೆದರಿದೆ. ಹೆದರುವ ಮಂದಿಗೇ ಅಲ್ಲವೇ ಕಾಯಿದೆ ಬೇಗ ತಿಳಿಯುವುದು? ಮನೆಯೊಳಗೆ ಹಾಡು ಎಂದು ಅವನ ಹೆಂಡತಿ ರಹೀಮಬಿ ಅಂದಳು. "ನಾಲ್ಕ ಗ್ವಾಡಿಗೆ ಯಾರ ಉತ್ತರಾ ಹೇಳ್ತಾರ ಹುಚ್ಚೀ" ಎಂದು ಅವನು ನಕ್ಕ. ಅದು ನಾನು ಕೇಳಿದ ಅವನ ಕೊನೆಯ ನಗೆ. ಈಗ ನಕ್ಕರೂ ಗಾಳಿ ಬರುತ್ತದೆ, ಸಪ್ಪಳ ಬರುವುದಿಲ್ಲ.

ಅವನು ಮನೆಗೆ ಬಂದು ಹದಿನೈದು ದಿನವಾಯಿತು. ದಿನಾ ಮುಂಜಾನೆ ನಾನು ಹೋದಾಗ, ಎಡ ಅಂಗೈ ಮೇಲೆ ಬಲಗೈ ಮುಷ್ಟಿಯಿಂದ ಠಸ್ಸೆ ಒತ್ತಿದಂತೆ ಮಾಡಿ ಹುಬ್ಬು ಏರಿಸುತ್ತಾನೆ. ಕಾಗದ ಬಂತೇ ಎಂದು ಅರ್ಥ. ನಾನು ಇಲ್ಲ ಎನ್ನುತ್ತೇನೆ. ಹಾಗಾದರೆ ಹೋಗಲಿ ಎಂಬಂತೆ ಕೈ ಆಡಿಸುತ್ತಾನೆ. ಹಾಡಿಗೆ ಒಪ್ಪಿಗೆಯೇ ಇರಲಿಲ್ಲ ಎಂದು ಅವನು ಸಮಾಧಾನ ಮಾಡಿಕೊಂಡಿದ್ದಾನೆ. ರಹೀಮಬಿ ಬಾಗಿಲವರೆಗೆ ಬಂದು, "ಈರಣ್ಣಾ, ಕೊಡಬ್ಯಾಡ್ರಿ ಅದನ್ನ. ಎಂಟ ದಿನದ ಅಂತರಂತ ಗೊತ್ತಾದ್ರ ಅಂವ ಉಳಿಯೂದಿಲ್ಲ" ಎನ್ನುತ್ತಾಳೆ. ಕೊಟ್ಟರೆ ಅವಳ ಮಾತು ಮೀರಿದಂತೆ. ಕೊಡದಿದ್ದರೆ ನಲವತ್ತು ವರ್ಷದಲ್ಲಿ ಮೊದಲ ಸಲ ಒಬ್ಬರ ಪತ್ರವನ್ನು ಬಚ್ಚಿಟ್ಟಂತೆ. ಈ ಪತ್ರಿಕೆಯನ್ನೂ ಅವನಿಗೆ ಓದಿ ಹೇಳುವವನು ನಾನೊಬ್ಬನೇ.

ನನ್ನ ಕೋರಿಕೆ ದೊಡ್ಡದಲ್ಲ. ಹಾಡಿನ ಮೇಳಗಳಿಂದ ಉತ್ತರ ಬರೆಸಿಕೊಳ್ಳುವ ಆ ಶರತ್ತನ್ನು ಇಂದೇ ತೆಗೆಯಿರಿ. ಇಂಥ ಅರ್ಜಿಗೆ ಹೌದೋ ಅಲ್ಲವೋ ಎಂಬುದನ್ನು ಏಳು ದಿನದಲ್ಲಿ ಹೇಳಿಬಿಡಿ. ಅಲ್ಲ ಎಂದರೂ ನಡೆಯುತ್ತದೆ, ಬಡವರು ಬೇರೆ ದಾರಿ ನೋಡಿಕೊಳ್ಳುತ್ತಾರೆ. ಮೂರನೆಯದಾಗಿ, ಗುಮಾಸ್ತರನ್ನು ಕಳಿಸದೆ ತಾವೇ ಒಂದು ಮುಂಜಾನೆ ನಮ್ಮೂರಿಗೆ ಬನ್ನಿ. ಪರವಾನಗಿ ನನ್ನ ಹತ್ತಿರ ಮಡಚಿದಂತೆಯೇ ಇದೆ, ತಮ್ಮ ಕೈಗೆ ಕೊಡುತ್ತೇನೆ. ಇಸ್ಮಾಯಿಲಸಾಬನ ಎದುರು ಚಾಪೆಯ ಮೇಲೆ ಕುಳಿತು, ತಾರೀಖಿನ ಸಮೇತ ಅವನಿಗೆ ಓದಿ ಹೇಳಿ. ಅವನಿಗೆ ಕಿವಿ ಚೆನ್ನಾಗಿ ಕೇಳುತ್ತದೆ.

ಇಂತಿ,
ಊರವರ ಪತ್ರವೆಲ್ಲ ಓದಿ ಹೇಳಿ, ಇದೊಂದನ್ನು ಓದಲಾರದೆ ಕುಳಿತಿರುವ
ವೀರಪ್ಪ
ಮುರಗೋಡದ ಹತ್ತಿರದ ಒಂದು ಹಳ್ಳಿ, ಏಪ್ರಿಲ್ ೨೦೦೩