ಮೂರ್ತಪ್ಪನವರ ಎರಡು ಕುರ್ಚಿಗಳು

ವಿದ್ಯಾನಗರ, ಶಿವಮೊಗ್ಗ
೧೮ ನವೆಂಬರ್ ೨೦೨೫

ಪ್ರೀತಿಯ ತಂಗಿ ಸೌಂದರ್ಯಳಿಗೆ,

ಅಕ್ಕ ಸುಮನಾಳ ತುಂಬು ಹಾರೈಕೆ. ಇಲ್ಲಿ ನಾನೂ ನನ್ನ ಹೊಲಿಗೆ ಮಿಷನ್ನೂ ಸದ್ದು ಮಾಡಿಕೊಂಡು ಓಡುತ್ತಿದ್ದೇವೆ. ಅಲ್ಲಿ ರಾಯಚೂರಿನ ಬಿಸಿಲಿನಲ್ಲಿ ನೀನೂ ನಿನ್ನ ಮನೆಯವರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ.

ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ನಾನು ಫೋನು ಎತ್ತುವುದಿಲ್ಲವೆಂದು ಗೊತ್ತಿದ್ದೇ ಕೈಯಲ್ಲಿ ಬರೆದು ಕಳಿಸಿದ್ದೀಯ. ಮೂರೂವರೆ ವರ್ಷದ ಮೇಲೆ ಬಂದ ಪತ್ರ, ಅದರಲ್ಲಿ ನಾಲ್ಕೇ ಸಾಲು. "ಅವ್ವನ ಕೊನೆಗಾಲಕ್ಕೆ ನಾನು ಬರಲಿಲ್ಲ. ತಪ್ಪಾಯಿತು ಅಕ್ಕ, ಕ್ಷಮಿಸು. ಅವ್ವ ಕೊನೆಗೆ ನನ್ನ ಬಗ್ಗೆ ಏನಾದರೂ ಅಂದಳಾ? ಅದೊಂದು ಬರೆ." ಓದಿ ಕತ್ತರಿ ಡಬ್ಬಿಯಲ್ಲಿಟ್ಟೆ. ದಸರಾ ಬ್ಲೌಸು, ದೀಪಾವಳಿ ಬ್ಲೌಸು, ಕೈ ಬಿಡುವಿಲ್ಲ ಅಂತ ನನಗೆ ನಾನೇ ನೆಪ ಹೇಳಿಕೊಂಡೆ. ನೆಪವೇ ಕಣೇ. ಉತ್ತರ ಬರೆಯುವ ಧೈರ್ಯ ಇರಲಿಲ್ಲ. ತಡವಾದದ್ದಕ್ಕೆ ಬೈದುಕೋ, ಬೈಸಿಕೊಳ್ಳುತ್ತೇನೆ.

ಇವತ್ತು ಬರೆಯಲು ಕೂರಿಸಿದ್ದು ಒಂದು ಆಟ. ನಗಬೇಡ. ಐವತ್ತೆಂಟು ವರ್ಷದ ಹೆಂಗಸಿಗೆ ಆಟದ ಹುಚ್ಚು ಹಿಡಿದಿದೆ ಅಂತ ಬೀದಿಯವರು ಆಗಲೇ ನಗುತ್ತಿದ್ದಾರೆ.

ಮಹಡಿ ಮೇಲೆ ಮುರಳಿ ಅಂತ ಬಾಡಿಗೆಗಿದ್ದಾನೆ, ಸೋಗಾನೆಯ ವಿಮಾನ ನಿಲ್ದಾಣದಲ್ಲಿ ಕೆಲಸ. ಆಗಸ್ಟಿನಲ್ಲಿ ಬಂದು, "ಆಂಟಿ, ನಲವತ್ತು ಸಣ್ಣ ಚೀಲ ಹೊಲಿದುಕೊಡ್ತೀರಾ? ಆಟದ ಬಿಲ್ಲೆ ಹಾಕೋಕೆ" ಅಂದ. ನನಗೋ ಚೀಲ ಅಂದರೆ ಚೆಂದ ಕಾಣಬೇಕು. ಲೆಹಂಗಾಗೆ ತಂದಿದ್ದ ನೆಟ್ ಬಟ್ಟೆ ಮಿಕ್ಕಿತ್ತು, ಗುಲಾಬಿ, ನೀಲಿ, ಬಾಯಿಗೆ ಜರಿ ದಾರ ಪೋಣಿಸಿ ಮುದ್ದುಮುದ್ದಾಗಿ ನಲವತ್ತೂ ಹೊಲಿದುಕೊಟ್ಟೆ. ಕೈಗೆತ್ತಿಕೊಂಡವನ ಮುಖ ಸಪ್ಪಗಾಯಿತು. "ಅಯ್ಯೋ ಆಂಟಿ, ಒಳಗಿರೋದು ಕಾಣ್ಬಾರ್ದು! ನೋಡ್ದೆ ಕೈಹಾಕಿ ಒಂದೊಂದೇ ತೆಗೀಬೇಕು. ಕಂಡ್ಬಿಟ್ರೆ ಆಟ ಎಲ್ಲಿ?" ನನಗೆ ಪಿತ್ತ ನೆತ್ತಿಗೇರಿತು. "ಅದನ್ನ ಮೊದ್ಲೇ ಹೇಳೋಕೇನು ರೋಗ ನಿಂಗೆ? ಅದೆಂಥಾ ಕಳ್ಳರ ಆಟವೋ ಮಾರಾಯ!" ಅಂದೆ. ಆಮೇಲೆ ಪ್ಯಾಂಟಿನ ದಪ್ಪ ಬಟ್ಟೆಯಲ್ಲಿ ಮತ್ತೆ ಹೊಲಿದೆ. ಭಾನುವಾರ ಅದನ್ನು ಕೊಡಲು ಮೇಲೆ ಹೋದವಳು ಸಂಜೆಯವರೆಗೆ ಇಳಿಯಲೇ ಇಲ್ಲ.

ಏನು ಹೇಳಲಿ ಸೌಂದಿ! ನಮಗೆ ಗೊತ್ತಿದ್ದದ್ದು ಚೌಕಾಬಾರ, ಅಳಗುಳಿಮನೆ, ಹುಲಿ-ಕುರಿ. ಅಲ್ಲಿ ಹಾಲ್‌ನ ತುಂಬ ಪೆಟ್ಟಿಗೆಗಳು, ಒಂದೊಂದರೊಳಗೆ ಒಂದೊಂದು ಲೋಕ. ಒಂದರಲ್ಲಿ ರೈಲು ದಾರಿ ಹಾಕಬೇಕು, ಇನ್ನೊಂದರಲ್ಲಿ ದ್ವೀಪಕ್ಕೆ ಜನರನ್ನು ಕರೆದೊಯ್ದು ಊರು ಕಟ್ಟಬೇಕು. ಬೆರಳಿನಷ್ಟು ಮನುಷ್ಯರು, ಸಾಸಿವೆಯಷ್ಟು ಧಾನ್ಯದ ಮೂಟೆಗಳು. ಇವನ್ನೆಲ್ಲ ಯಾರು ಕೂತು ಯೋಚಿಸಿದರೋ ಅಂತ ಬಾಯಿ ಬಿಟ್ಟುಕೊಂಡು ನೋಡಿದೆ.

ಭಾನುವಾರ ಅಲ್ಲಿ ಮುರಳಿಯ ಗುಂಪಿನವರು ಆಡಲು ಸೇರುತ್ತಾರೆ, ಅವರದೊಂದು ಪದ್ಧತಿ ಇದೆ. ಪೆಟ್ಟಿಗೆ ತೆರೆಯುವ ಮುಂಚೆ ಎಲ್ಲರೂ ಸುತ್ತ ಕೂತು ಆ ವಾರ ಏನಾಡಿದೆವು, ಗೆದ್ದೆವೋ ಸೋತೆವೋ ಹೇಳಬೇಕು. ನವುಲೆಯ ಕೃಷಿ ಕಾಲೇಜಿನಲ್ಲಿ ಪಾಠ ಮಾಡುವ ಭೂಮಿಕಾ ಅನ್ನುವವಳು ಗಂಡನ ಜೊತೆ ಕಾಡು ಬೆಳೆಸುವ ಆಟ ಆಡಿದ್ದಳು. ಹಲಗೆಯ ಸುತ್ತ ಸೂರ್ಯ ತಿರುಗುತ್ತಾನಂತೆ, ದೊಡ್ಡ ಮರದ ನೆರಳು ಬಿದ್ದರೆ ಸಸಿ ಏಳುವುದಿಲ್ಲವಂತೆ. "ನಾಲ್ಕು ಸಲ ಆಡಿದ್ವಿ, ನಾಲ್ಕು ಸಲಾನೂ ಅವನ ಮರದ ನೆರಳು ನನ್ನ ಸಸಿ ಮೇಲೆ! ಮಣ್ಣಿನ ಪಾಠ ಮಾಡೋಳು ನಾನು, ಬ್ಯಾಂಕಲ್ಲಿ ಕೂರೋನು ಅವನು, ನೋಡಿ ನ್ಯಾಯಾನ" ಅಂದಳು. ನನ್ನ ಸರದಿ ಬಂತು. ತೊದಲುತ್ತಾ, "ಚೌಕಾಬಾರ. ಮೂವತ್ತು ವರ್ಷದ ಹಿಂದೆ, ನನ್ನ ತಂಗಿ ಜೊತೆ. ಸೋತೆ" ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಿನ್ನ ಹೆಸರು ಕೇಳಿದರು, ಹೇಳಿದೆ. ಎಷ್ಟೋ ದಿನದ ಮೇಲೆ ನಿನ್ನ ಹೆಸರು ನನ್ನ ಬಾಯಲ್ಲಿ ಬಂದಿತ್ತು.

ಕೊನೆಯಲ್ಲಿ ಕೂತಿದ್ದವರು ಮೂರ್ತಪ್ಪನವರು. ಭದ್ರಾವತಿಯಿಂದ ಬಸ್ಸಿನಲ್ಲಿ ಬರುತ್ತಾರೆ, ಎಪ್ಪತ್ತೊಂದು ವರ್ಷ. ಕಾರ್ಖಾನೆಯಲ್ಲಿ ಎರಕ ಹೊಯ್ಯುವ ಮೊದಲು ಮರದಲ್ಲಿ ಅಚ್ಚಿನ ಮಾದರಿ ಕೆತ್ತುತ್ತಿದ್ದವರು. "ಈ ವಾರ ಏಳು ಹೆಜ್ಜೆ ಆಯ್ತು. ತುಂಗೆ ಕಡೆ ರಾಜಂಗೆ ಸ್ವಲ್ಪ ಕಷ್ಟ ಇದೆ" ಅಂದರು, ಮನೆಯವರ ಕಾಯಿಲೆ ಹೇಳುವಷ್ಟು ಬೇಸರದಿಂದ. ಎದುರಿಗೆ ಯಾರು ಆಡುತ್ತಾರೆ ಅಂತ ಕೇಳಿದೆ. "ನಾನೇ" ಅಂದರು. ನನಗೆ ಕಿಸಕ್ಕನೆ ನಗು ಬಂತು. "ಹಂಗಾದ್ರೆ ಯಾವಾಗ್ಲೂ ನೀವೇ ಗೆಲ್ತೀರಿ ಬಿಡಿ!" ಅಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಯಾವಾಗ್ಲೂ ನಾನೇ ಸೋಲ್ತೀನಿ ಅಂತಾನೂ ಆಯ್ತಲ್ಲ ತಾಯಿ. ಒಂದಿನ ಬಂದು ನೋಡು" ಅಂದರು.

ಮೊನ್ನೆ ಶನಿವಾರ ಹೋದೆ. ಭದ್ರಾವತಿಯ ನ್ಯೂಟೌನಿನಲ್ಲಿ ಮೂರ್ತಪ್ಪನವರ ಮನೆ. ಬಾಗಿಲು ತೆರೆದ ಅವರ ಹೆಂಡತಿ ಯಲ್ಲಮ್ಮನವರು, "ಗೋಡೆ ಹಿಡ್ಕೊಂಡು ಬಾಮ್ಮ, ಮೇಜಿಗೆ ಸೆರಗು ತಗುಲಿದ್ರೆ ದಂಡೇ ಬಿದ್ದುಹೋಗತ್ತೆ. ಹದಿನಾಲ್ಕು ತಿಂಗ್ಳಾಯ್ತು, ನಾವು ಅಡುಗೆಮನೇಲಿ ಉಣ್ತೀವಿ, ರಾಜರು ಹಾಲ್‌ನಲ್ಲಿರ್ತಾರೆ" ಅಂದರು.

ಗೋಡೆ ಹಿಡಿದುಕೊಂಡೇ ಒಳಗೆ ಹೋದೆ. ಹೆಚ್ಚುಕಡಿಮೆ ಹಾಲ್‌ನಷ್ಟೇ ಅಗಲದ ಪ್ಲೈವುಡ್ ಹಲಗೆ, ಅದರ ಮೇಲೆ ನಮ್ಮ ಸೀಮೆಯೇ ಬಣ್ಣದಲ್ಲಿ ಮೂಡಿತ್ತು. ಆ ತುದಿಯಿಂದ ತುಂಗೆ, ಈ ತುದಿಯಿಂದ ಭದ್ರೆ, ಎರಡೂ ಹರಿದು ಬಂದು ಕೂಡ್ಲಿಯಲ್ಲಿ ಸೇರುತ್ತವೆ. ಇಡೀ ಹಲಗೆಯ ತುಂಬ ಜೇನುಹಲ್ಲೆಯ ಹಾಗೆ ಆರು ಮೂಲೆಯ ಸಣ್ಣ ಮನೆಗಳು, ಎರಡು ಸಾವಿರಕ್ಕೂ ಮೇಲೆ. ಒಂದೊಂದನ್ನೂ ಅವರೇ ಗೀಟು ಹಾಕಿದ್ದು. ತುಂಗೆಯ ಕಡೆ ಒಬ್ಬ ರಾಜ, ಭದ್ರೆಯ ಕಡೆ ಒಬ್ಬ, ಇಬ್ಬರೂ ಇವರೇ ಹುಟ್ಟಿಸಿದವರು. ಕೂಡ್ಲಿ ಯಾರಿಗೆ ಅನ್ನುವುದೇ ಜಗಳ. ದಂಡೆಲ್ಲ ತೇಗದ ಸಣ್ಣ ಬಿಲ್ಲೆಗಳು. ಒಂದು ಮುಖದಲ್ಲಿ ಕುದುರೆ, ಬಿಲ್ಲು, ಅಕ್ಕಿಗಾಡಿ ಕೆತ್ತಿದ್ದಾರೆ, ಇನ್ನೊಂದು ಮುಖ ಬೋಳು. ನಿಲ್ಲಿಸಿದರೆ ಹಿಂದೆ ಕೂತವನಿಗೆ ಚಿತ್ರ ಕಾಣುತ್ತದೆ, ಎದುರು ಕೂತವನಿಗೆ ಬರೀ ಮರ. ಗಾಡಿಯ ಎತ್ತಿಗೆ ಮೂಗುದಾರ ಕೂಡ ಇತ್ತು ಮಾರಾಯ್ತಿ! ಅಷ್ಟು ಸಣ್ಣದನ್ನು ಕೆತ್ತಿದ ಆ ಬೆರಳು ನೋಡಿದರೆ ನನ್ನ ಹೆಬ್ಬೆರಳಿನ ಎರಡರಷ್ಟಿದೆ. ಮೂವತ್ತೈದು ವರ್ಷದಿಂದ ಸೂಜಿ ಹಿಡಿದವಳು ನಾನು, ಕೈಕೆಲಸದ ಬಗ್ಗೆ ನನಗಿದ್ದ ಜಂಬ ಅಲ್ಲೇ ಇಳಿಯಿತು.

ಮೇಜಿನ ಎರಡು ಬದಿಗೆ ಎರಡು ಕುರ್ಚಿ, ಒಂದೊಂದರ ಮೇಲೆ ಒಂದೊಂದು ನೋಟ್ ಬುಕ್. ದಿನಕ್ಕೆ ಒಂದೇ ಹೆಜ್ಜೆ. ಇವತ್ತು ತುಂಗೆಯ ಕುರ್ಚಿಯಲ್ಲಿ ಕೂತರೆ ನಾಳೆ ಭದ್ರೆಯ ಕುರ್ಚಿಯಲ್ಲಿ. ನೋಟ್ ಬುಕ್ಕಿನಲ್ಲಿ ಬರೆದಿರುವುದು ಆ ರಾಜನಿಗೆ ಏನೇನು ಗೊತ್ತು ಅನ್ನುವುದಷ್ಟೇ. ಅವನ ಬೇಹಿನವರು ಕಂಡದ್ದು, ಅವನ ಕಿವಿಗೆ ಬಿದ್ದದ್ದು.

"ಆದ್ರೆ ನೀವು ನಿನ್ನೆ ಆ ಕಡೆ ಕೂತಿದ್ರಲ್ಲ, ಎಲ್ಲಾ ನೆನಪಿರತ್ತಲ್ಲ?" ಅಂತ ಕೇಳಿದೆ.

"ಇರತ್ತಮ್ಮ, ಮರೀಬೇಕು ಅಂದ್ರೆ ಮರೆಯೋಕಾಗತ್ತಾ? ಅದಕ್ಕೇ ಈ ಬುಕ್ಕು. ಇದ್ರಲ್ಲಿ ಇಲ್ದೇ ಇರೋದನ್ನ ಇವನು ಮಾಡೋ ಹಾಗಿಲ್ಲ. ಮೊದಮೊದ್ಲು ಬಾಳ ಮೋಸ ಮಾಡ್ತಿದ್ದೆ. ಒಂದು ಕಡೆ ಮೇಲೆ ಪ್ರೀತಿ ಬಂದ್ಬಿಡತ್ತೆ ನೋಡು."

ಅವತ್ತು ತುಂಗೆಯ ರಾಜನ ಸರದಿ. ಅವರು ಕನ್ನಡಕ ಒರೆಸಿಕೊಂಡು ಕೂತು ಬುಕ್ಕು ಓದಿದರು. ಕುದುರೆ ದಂಡನ್ನು ಹೊಳೆ ದಾಟಿಸಿ ಕಾಡಿನ ದಾರಿಗೆ ಕಳಿಸಬೇಕು, ಅವನಿಗೆ ಗೊತ್ತಿರುವ ಮಟ್ಟಿಗೆ ಅದೇ ಸರಿ. ನಾನು ಎದುರಿನ ಬದಿಯಲ್ಲಿ ನಿಂತಿದ್ದೆನಲ್ಲ, ನನಗೆ ಕಾಣುತ್ತಿತ್ತು. ಆ ಕಾಡಿನಲ್ಲಿ ಭದ್ರೆಯವನ ಬಿಲ್ಲಿನವರು ಅಡಗಿದ್ದರು. ಹಿಂದಿನ ದಿನ ಅವರನ್ನು ಅಲ್ಲಿ ಅಡಗಿಸಿದ್ದೂ ಇದೇ ಮೂರ್ತಪ್ಪನವರು.

"ಅಯ್ಯೋ ಬೇಡ, ಕಳಿಸ್ಬೇಡಿ!" ಅಂತ ಕೂಗಿಯೇಬಿಟ್ಟೆ.

ಆ ಕುದುರೆಗಳನ್ನು ಅವರು ಎರಡು ತಿಂಗಳು ಕೂತು ಕೆತ್ತಿದ್ದರಂತೆ. "ಇವನಿಗೆ ಗೊತ್ತಿಲ್ಲಮ್ಮ, ಹೋಗ್ತಾನೆ" ಅಂದರು, ಒಂದೊಂದೇ ಬಿಲ್ಲೆಯನ್ನು ಕಾಡಿನೊಳಕ್ಕೆ ತಳ್ಳಿದರು. ದಾಳ ಹಾಕಿದರು. ಒಂಬತ್ತು ಕುದುರೆಗಳಲ್ಲಿ ಏಳನ್ನು ಹಲಗೆಯಿಂದ ತೆಗೆದು ಬಟ್ಟೆಯ ಮೇಲೆ ಸಾಲಾಗಿ ಮಲಗಿಸಿದರು. ಯಲ್ಲಮ್ಮನವರು ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿದ್ದರು. ತಾನೇ ಕೆತ್ತಿದ್ದು, ತಾನೇ ತೋಡಿದ ಗುಂಡಿ, ಬೇಡವೆಂದರೆ ಕೇಳುವವರಿಲ್ಲ, ದಿನವೂ ಬಂದು ನೋಡುವವರೂ ಇಲ್ಲ. ಆದರೂ ಆ ಮನುಷ್ಯ ಕೂದಲೆಳೆಯಷ್ಟು ಮೋಸ ಮಾಡಲಿಲ್ಲ. ಇಷ್ಟು ನಿಯತ್ತನ್ನು ನಾನು ಎಲ್ಲೂ ಕಂಡಿರಲಿಲ್ಲ ಸೌಂದಿ.

"ಪಾಪ, ಎಂಥಾ ದಡ್ಡ ರಾಜ" ಅಂದೆ, ಏನೋ ಒಂದು ಹೇಳಬೇಕಲ್ಲ ಅಂತ.

ಮೂರ್ತಪ್ಪನವರು ತಲೆಯೆತ್ತಿ ನೋಡಿದರು. "ದಡ್ಡ ಅನ್ಬೇಡ. ಗೊತ್ತಿಲ್ದೆ ಇಟ್ಟ ಹೆಜ್ಜೆಗೆ ಅವನನ್ನ ಬೈಯೋ ಹಾಗಿಲ್ಲ. ಬೈದ್ರೆ ನನ್ನನ್ನ ಬೈಬೇಕು. ಗೊತ್ತಿದ್ದೋನು ನಾನು" ಅಂದರು.

ಕಾಫಿ ಕುಡಿದದ್ದೂ ನೆನಪಿಲ್ಲ. ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಶಿವಮೊಗ್ಗ ಬರುವವರೆಗೂ ನಾನು ನಿನ್ನ ಕುರ್ಚಿಯಲ್ಲಿ ಕೂತಿದ್ದೆ.

ಆ ವಾರ ನಿನಗೆ ಗೊತ್ತಿದ್ದದ್ದೇನು? ಅವ್ವನಿಗೆ ಜ್ವರ. ಅಕ್ಕ ಜೊತೆಗಿದ್ದಾಳೆ. ಮಂಗಳವಾರ ಫೋನು ಮಾಡಿ "ಬರ್ಲಾ ಅಕ್ಕ?" ಅಂತ ಕೇಳಿದ್ದಕ್ಕೆ ಅಕ್ಕ, "ಜ್ವರ ಇಳಿದಿದೆ, ಪರೀಕ್ಷೆ ಮುಗಿಸ್ಕೊಂಡೇ ಬಾ" ಅಂದಿದ್ದಾಳೆ. ಅಷ್ಟೇ. ಅಷ್ಟನ್ನೇ ಇಟ್ಟುಕೊಂಡು ನೋಡಿದರೆ, ನೀನು ಪಾಠ ಹೇಳುವ ಎಸ್ಸೆಸ್ಸೆಲ್ಸಿ ಮಕ್ಕಳನ್ನು ಪರೀಕ್ಷೆಯ ಮಧ್ಯೆ ಬಿಟ್ಟು ನಾನಾದರೂ ಬರುತ್ತಿರಲಿಲ್ಲ. ಗುರುವಾರ ಅವ್ವ ಹೋದಳು. ನೀನು ಬಂದಾಗ ಮಣ್ಣು ಮುಚ್ಚಿ ಆಗಿತ್ತು.

ಅವ್ವನ ಶಿವಗಣಾರಾಧನೆಯ ದಿನ ನೆಂಟರ ಮುಂದೆ ನಾನು, "ಹೆತ್ತವಳಿಗಿಂತ ನಿಂಗೆ ಪರೀಕ್ಷೆ ಹೆಚ್ಚಾಯ್ತಲ್ಲೇ!" ಅಂತ ಕೂಗಿದೆ. ಪಂಕ್ತಿಯಲ್ಲಿ ಬಡಿಸುತ್ತಿದ್ದ ನೀನು ಪಾಯಸದ ಬಕೆಟ್ಟು ಕೆಳಗಿಟ್ಟು ಹಾಗೇ ಹೊರಟುಹೋದೆ. "ಬರಬೇಡ ಅಂದಿದ್ದು ನೀನೇ ಅಲ್ವಾ" ಅಂತ ಒಂದು ಮಾತು ಅನ್ನಬಹುದಿತ್ತು. ಅನ್ನಲಿಲ್ಲ. ಅಕ್ಕನ ಮಾತು ನಂಬಿದ್ದೇ ತನ್ನ ತಪ್ಪು ಅಂದುಕೊಂಡೆಯೇನೋ. ಈಗ ನೀನೇ ಕ್ಷಮೆ ಕೇಳಿದ್ದೀಯ. ನಿನ್ನನ್ನು ಕ್ಷಮಿಸಲು ಏನೂ ಇಲ್ಲ ಸೌಂದಿ, ನಿನ್ನ ಹೆಜ್ಜೆ ಸರಿಯಾಗಿತ್ತು. ನೆಂಟರ ಮುಂದೆ ಆಡಿದ ಆ ಮಾತಿಗೆ ನಾನು ನಿನ್ನ ಕ್ಷಮೆ ಕೇಳಬೇಕು, ಕೇಳುತ್ತಿದ್ದೇನೆ.

ಅವ್ವನ ಬಗ್ಗೆ ಕೇಳಿದ್ದೀಯ. ಹೆಚ್ಚು ನರಳಲಿಲ್ಲ ಅವಳು. ನಿದ್ದೆಯಲ್ಲೇ ಲಿಂಗೈಕ್ಯಳಾದಳು.

ಸಂಕ್ರಾಂತಿಗೆ ರಜೆ ಇದ್ದರೆ ಬಾ. ಮುರಳಿಯ ಗುಂಪಿನವರು ನಿನ್ನನ್ನು ನೋಡಬೇಕಂತೆ. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ಹೇಳು, ಮಗಳು ಮಧುಶ್ರೀಗೆ ದೊಡ್ಡಮ್ಮನ ಮುತ್ತು. ನಿನ್ನ ಮನೆಯಲ್ಲಿ ನಗು ತುಂಬಿರಲಿ, ನಿನ್ನ ಕಣ್ಣಲ್ಲಿ ನೀರು ಬಾರದಿರಲಿ, ಶಿವ ನಿನ್ನನ್ನು ನೂರು ಕಾಲ ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಸುಮನಾ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು, ಹರಿದು ಮತ್ತೆ ಬರೆಯುತ್ತಿದ್ದೇನೆ. ಜ್ವರ ಇಳಿದಿರಲಿಲ್ಲ ಸೌಂದಿ. ಮಂಗಳವಾರ ಬೆಳಿಗ್ಗೆಯೇ ಡಾಕ್ಟರು ನನ್ನನ್ನು ಹೊರಗೆ ಕರೆದು, "ಎರಡು ದಿನ, ಹೆಚ್ಚಂದ್ರೆ ಮೂರು. ಬರಬೇಕಾದವರಿಗೆ ಹೇಳಿಬಿಡಿ" ಅಂದಿದ್ದರು. ನಿನ್ನ ಫೋನು ಬಂದದ್ದು ಮಧ್ಯಾಹ್ನ. ಗೊತ್ತಿದ್ದೇ ಬರಬೇಡ ಅಂದೆ. ಹನ್ನೊಂದು ವರ್ಷ ಅವಳ ಮೈ ತೊಳೆದವಳು ನಾನು. ಆದರೆ ಅವಳು ಎದ್ದು ಕೂತು, ತಲೆ ಬಾಚಿಸಿಕೊಂಡು, ಹೂವು ಮುಡಿಸು ಅನ್ನುತ್ತಿದ್ದದ್ದು ನೀನು ಬರುವ ದಿನ ಮಾತ್ರ. ಆ ಎರಡು ದಿನವಾದರೂ ಅವ್ವ ನನ್ನೊಬ್ಬಳಿಗೇ ಇರಲಿ ಅನ್ನಿಸಿತು. ಬುಧವಾರ ಅವಳು ಮೂರು ಸಲ ಕೇಳಿದಳು, "ಸೌಂದಿ ಬರ್ತಾಳೇನೇ?" ಅಂತ. ಮೂರನೆಯ ಸಲ ನಾನು, "ಎಷ್ಟು ಕರೆದ್ರೂ ಪರೀಕ್ಷೆ ಬಿಟ್ಟು ಬರೋಕಾಗಲ್ಲ ಅಂದ್ಲು ಅವ್ವ" ಅಂದೆ. ಅವಳು ಬಾಗಿಲ ಕಡೆಗಿದ್ದ ಮುಖವನ್ನು ನನ್ನ ಕಡೆ ತಿರುಗಿಸಿ, "ಹೋಗ್ಲಿ ಬಿಡು. ಅವಳ ಮೇಲೆ ರೇಗ್ಬೇಡ ನೀನು" ಅಂದಳು. ಆಮೇಲೆ ಮಾತಾಡಲಿಲ್ಲ.