ಬಸವನಹುಳುವಿನ ಕೆಳಗಿನ ಕಲೆ

ನಿಶಿಜಿನ್, ಕ್ಯೋಟೋ
ಮೇ ೧೪, ೨೦೨೪, ಮಂಗಳವಾರ

ಪ್ರೀತಿಯ ತಮ್ಮ ತೆತ್ಸುಜಿಗೆ,

ಎರಡು ವರ್ಷದ ಹಿಂದೆ, ಮಾರ್ಚ್ ಒಂಬತ್ತನೆಯ ತಾರೀಖು, ಬುಧವಾರ ಮಧ್ಯಾಹ್ನ, ಅಪ್ಪ ನನಗೆಂದೇ ಚಿತ್ರ ಬರೆದ ಕಿಮೊನೊವನ್ನು ನೀನು ಸುಳ್ಳು ಹೇಳಿ ನನ್ನ ಮನೆಯ ಪೆಟ್ಟಿಗೆಯಿಂದ ಒಯ್ದೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಕ್ಷೇಮಸಮಾಚಾರದ ನಡುವೆ ಸೇರಿಸಿದರೆ ನೀನು ಆ ಸಾಲನ್ನು ಹಾರಿಸಿ ಓದುತ್ತೀಯ. ಚಿಕ್ಕಂದಿನಲ್ಲಿ ಶಾಲೆಯ ಅಂಕಪಟ್ಟಿಯನ್ನೂ ಅಮ್ಮನಿಗೆ ಹಾಗೆಯೇ ಓದಿ ಹೇಳುತ್ತಿದ್ದೆ. ಈಗ ಕೇಳುತ್ತೇನೆ, ಮಂಡಿನೋವು ಹೇಗಿದೆ? ಟೋಕಿಯೋದಲ್ಲಿ ಎಲ್ಲಿಗೆ ಹೋದರೂ ಮೆಟ್ಟಿಲು. ಹೊಸ ಅಂಗಡಿ ತೆರೆಯುವ ಓಡಾಟದಲ್ಲಿ ಊಟ ತಪ್ಪಿಸಬೇಡ. ನಿನ್ನಾಕೆ ಸಾತೊಎಯ ಕೆಮ್ಮು ನಿಂತಿತೇ? ನನ್ನ ಆರೋಗ್ಯ ಎಪ್ಪತ್ತಕ್ಕೆ ತಕ್ಕ ಹಾಗಿದೆ. ಫೆಬ್ರವರಿಯಲ್ಲಿ ಎರಡೂ ಕಣ್ಣಿನ ಪೊರೆ ತೆಗೆಸಿದೆ. ಈಗ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ. ಬಹುಶಃ ತೊಂದರೆ ಶುರುವಾದದ್ದೇ ಅಲ್ಲಿಂದ.

ಕಳೆದ ಗುರುವಾರ ಇಲ್ಲಿ ಕ್ಯೋಟೋದ ನಮ್ಮ ಹಳೆಯ ಕಿಮೊನೊ ಅಂಗಡಿಗೆ ಹೋಗಿದ್ದೆ. 'ನಮ್ಮ' ಎನ್ನುವುದು ನಾಲಿಗೆಯ ಅಭ್ಯಾಸ, ಮನ್ನಿಸು. ನೀನು ಗಾಜಿನ ಬಾಗಿಲು ಹಾಕಿಸಿದ ಮೇಲೆ ಒಳಗೆ ಕಾಲಿಟ್ಟಿರಲಿಲ್ಲ. ಅಪ್ಪ ತೀರಿಕೊಂಡ ಹದಿಮೂರನೆಯ ವರ್ಷದ ಪೂಜೆಗೆ ಉಡಲು ನನ್ನ ಸಾದಾ ಬೂದು ಕಿಮೊನೊ ಇದೆ, ಸೊಂಟಪಟ್ಟಿಯೂ ಇದೆ, ಆದರೆ ಅದರ ಮೇಲೆ ಕಟ್ಟುವ ಹೆಣೆದ ಹುರಿ ತುದಿಯಲ್ಲಿ ಬಿಟ್ಟುಹೋಗಿತ್ತು. ಒಂದು ಹುರಿ, ಒಂದು ಜೊತೆ ಬಿಳಿ ಕಾಲುಚೀಲ, ಇಷ್ಟೇ ನನ್ನ ಪಟ್ಟಿ. ಒಳಗೆ ನಲವತ್ತೈದರ ಹೆಂಗಸೊಬ್ಬರಿದ್ದರು, ಎದೆಯ ಮೇಲಿನ ಚೀಟಿಯಲ್ಲಿ ಕಜುಯೊ ಎಂದಿತ್ತು. ಅಂಗಡಿಯ ಮೇಲ್ವಿಚಾರಕಿಯಂತೆ. ನಾನು ಯಾರೆಂದು ಅವರಿಗೆ ತಿಳಿಯದು, ನಾನೂ ಹೇಳಲಿಲ್ಲ. "ಬನ್ನಿ ಅಮ್ಮಾ, ಬನ್ನಿ. ಮೇನಲ್ಲೇ ಹಿಂಗೆ ಬಿಸಿಲು, ಇನ್ನು ಜುಲೈಗೆ ನಮ್ಮನ್ನ ಹುರಿದು ತಿನ್ನತ್ತೆ" ಎಂದು ಬಾರ್ಲಿ ನೀರು ಕೊಟ್ಟರು. ಹುರಿಗಳ ತಟ್ಟೆ ತಂದಿಟ್ಟರು. ಹೆಂಗಸು ಕೆಟ್ಟವರಲ್ಲ, ಹುರಿಯ ಹೆಣಿಗೆಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ತೋರಿಸುತ್ತಿದ್ದರು, ವಸ್ತುವಿನ ಮೇಲೆ ಪ್ರೀತಿ ಇರುವವರು ಹಾಗೆ ಮಾಡುತ್ತಾರೆ. ನಾನು ಕಂದು ಹುರಿಯೊಂದನ್ನು ಬೆಳಕಿಗೆ ಹಿಡಿಯಲು ತಲೆ ಎತ್ತಿದೆ. ಗೋಡೆಯುದ್ದಕ್ಕೂ ಮರದ ಚೌಕಟ್ಟುಗಳ ಮೇಲೆ ನನ್ನ ಕಿಮೊನೊ ರೆಕ್ಕೆ ಬಿಚ್ಚಿ ನಿಂತಿತ್ತು. ಒಂದಲ್ಲ, ಮೂರು. ಒಂದು ನನ್ನದೇ ಹಸಿರು ಬೆರೆತ ಬೂದು, ಇನ್ನೊಂದು ಗುಲಾಬಿ, ಮತ್ತೊಂದು ಕಪ್ಪು.

ಅದರ ಮೇಲಿನ ತ್ಸುಕುಶಿ ಚಿಗುರಿನ ಚಿತ್ತಾರವನ್ನು ಕ್ಯೋಟೋದಲ್ಲಿ ಮತ್ತೆ ಯಾರಾದರೂ ಬರೆಯಬಹುದು, ಅದಕ್ಕೆ ನಾನೇನು ಬೇಲಿ ಹಾಕಿಲ್ಲ. ಹೊಳೆದಂಡೆಯ ಕಳೆ ಅದು, ಮಾರ್ಚಿನಲ್ಲಿ ಯಾರು ಬೇಕಾದರೂ ಕಿತ್ತು ಮೊಟ್ಟೆಯೊಂದಿಗೆ ಬೇಯಿಸಿ ತಿನ್ನಬಹುದು. ಆದರೆ ಮೂರರಲ್ಲಿಯೂ, ಎಡಮಂಡಿಯ ಮೇಲ್ಗಡೆ, ಮೂರು ಚಿಗುರುಗಳ ಸಂದಿಯಲ್ಲಿ, ಒಂದೊಂದು ಬಸವನಹುಳು ಕೂತಿತ್ತು. ಕೊಂಬು ಒಂದು ಉದ್ದ, ಒಂದು ಗಿಡ್ಡ. ನಾನು ಕಜುಯೊ ಅವರನ್ನು ಕೇಳಿದೆ: "ಇದು ಮಾರ್ಚಿನ ಚಿಗುರು. ಜೂನಿನ ಮಳೆಯ ಹುಳು ಇಲ್ಲಿಗೆ ಹ್ಯಾಗೆ ಬಂತಮ್ಮ?" ಅವರ ಮುಖ ಅರಳಿತು. "ಅದೇ ನೋಡಿ ಇದರ ವಿಶೇಷ! ಸೋಹಾಚಿ ಗುರುಗಳು ಕೊನೆಗಾಲಕ್ಕೆ ಋತುಗಳನ್ನೇ ದಾಟಿಬಿಟ್ಟಿದ್ರಂತೆ. ನಿಧಾನವಾಗಿ ಬಾಳು ಅಂತ ಅದರ ಅರ್ಥ. ನಮ್ಮ ಯಜಮಾನರೇ ಬರೆದು ಕೊಟ್ಟಿದಾರೆ" ಎಂದು ಚೀಟಿ ತೋರಿಸಿದರು. 'ಇನೊಕುಮ ಸೋಹಾಚಿಯವರ ಕೊನೆಯ ವರ್ಷಗಳ ಕಲೆ. ಕೈಬರಹ.' ಕುಂಚದಿಂದ ಕೈಯಾರೆ ಬರೆದದ್ದಂತೆ! ಅಪ್ಪನ ಹೆಸರು, ನಿನ್ನ ಅಕ್ಷರ, ತೆತ್ಸುಜಿ. ಆ 'ಕಲೆ' ಎನ್ನುವ ಪದವನ್ನು ನಾನು ಎರಡು ಸಲ ಓದಿದೆ. ನಗು ಬಂತು, ಆಮೇಲೆ ಬಾರ್ಲಿ ನೀರಿನ ಲೋಟವನ್ನು ಕೆಳಗಿಟ್ಟು ಬಟ್ಟೆಯ ಹತ್ತಿರ ಹೋದೆ.

ಒಳಪದರ ಹೊಲಿಯದೆ ಕಚ್ಚಾ ಹೊಲಿಗೆಯಲ್ಲಿ ತೂಗುಹಾಕಿದ್ದರಿಂದ ಸೆರಗನ್ನು ಮಗುಚಿ ನೋಡುವುದು ಕಷ್ಟವಾಗಲಿಲ್ಲ. ಬೆನ್ನು ಬೋಳು. ಕುಂಚದ ಬಣ್ಣ ಹಿಂದಕ್ಕೂ ಇಳಿಯುತ್ತದೆ, ಇದು ಮುಂದಿನ ಮುಖದ ಮೇಲಷ್ಟೇ ಕೂತಿದೆ, ಯಂತ್ರ ಉಗುಳಿದ್ದು. "ಬಟ್ಟೆ ಬೆನ್ನಿಗೂ ಬಣ್ಣ ಗೊತ್ತಾಗ್ಬೇಕು ಕಣ್ರೋ" ಎಂದು ಅಪ್ಪ ಕುಂಚದ ಹಿಡಿಯಿಂದ ನಿನ್ನ ತಲೆಗೆ ತಟ್ಟುತ್ತಿದ್ದದ್ದು ನೆನಪಿದೆಯೇ? ಇನ್ನು ಒಳಮಡಿಕೆ. ಉಟ್ಟಾಗ ಯಾರ ಕಣ್ಣಿಗೂ ಬೀಳದ ಆ ಜಾಗದಲ್ಲಿ ಅಪ್ಪನ ಕೆಂಪು ಮುದ್ರೆ, ಮೂರಕ್ಕೂ ಒಂದೇ ಓರೆ, ಒಂದೇ ಮಸುಕು. ನಾನು ಬೆನ್ನಿನ ಬಿಳುಪನ್ನು ಕಜುಯೊ ಅವರಿಗೆ ತೋರಿಸಿದೆ. ಅವರು ಸೆರಗನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, "ಅಬ್ಬಬ್ಬಾ, ಅಮ್ಮಂಗೆ ಎಷ್ಟೆಲ್ಲಾ ಗೊತ್ತು!" ಎಂದರು. ನಮ್ಮೂರಲ್ಲಿ ಆ ಮಾತಿಗೆ 'ಇನ್ನು ಹೊರಡಿ' ಎಂದರ್ಥ ಎಂಬುದನ್ನು ನಿನಗೆ ಬಿಡಿಸಿ ಹೇಳಬೇಕಿಲ್ಲ. ಹೊರಟೆ. ಹುರಿಯನ್ನು ಕೊಳ್ಳಲಿಲ್ಲ.

ಆ ಕಿಮೊನೊ ಏನೆಂದು ಒಂದು ಸಲ ಕಾಗದದ ಮೇಲೆ ಇರಲಿ. ೧೯೭೫, ಜನವರಿ ಹದಿನೈದು, ಇಪ್ಪತ್ತು ತುಂಬಿದವರ ಹಬ್ಬ. ಉಳಿದ ಹುಡುಗಿಯರ ಮೈಮೇಲೆಲ್ಲ ಚಿನ್ನದ ಕೊಕ್ಕರೆ, ಕೆಂಪು ಹೂವು. ನನಗೆ ಅಪ್ಪ ಬೂದು ಬಟ್ಟೆಯ ಮೇಲೆ ಕಳೆಗಿಡ ಬರೆದುಕೊಟ್ಟರು. ನಾನು ಮುಖ ಊದಿಸಿದ್ದಕ್ಕೆ, "ಈಗ ಬೈಕೋ. ಎಪ್ಪತ್ತಕ್ಕೆ ಉಟ್ಕೊಂಡಾಗ ನನ್ನ ನೆನೆಸ್ಕೋತೀಯ" ಎಂದರು. ಇಂಥದ್ದು ಇನ್ನೊಂದನ್ನು ಬರೆಯುವುದಿಲ್ಲ ಎಂದೂ ಹೇಳಿದರು, ಬರೆಯಲಿಲ್ಲ. ಹಬ್ಬ ಮುಗಿಸಿ ಮನೆಯವರೆಲ್ಲ ಉದೋನ್ ಶಾವಿಗೆಯ ಅಂಗಡಿಗೆ ಹೋದೆವು. ಬಟ್ಟಲು ನನ್ನ ತೊಡೆಯ ಮೇಲೆ ಮಗುಚಿತು. ಸೋಯಾ ಸಾರಿನ ಕಲೆ, ಅಂಗೈಯ ಅರ್ಧದಷ್ಟು. ಅಪ್ಪ ಬೈಯಲಿಲ್ಲ. ಏಳು ದಿನ ಆ ಬಟ್ಟೆಯನ್ನು ಎದುರಿಗೆ ಹರಡಿಕೊಂಡು ಕೂತರು. ಎಂಟನೆಯ ದಿನ ಕಲೆಯಿದ್ದ ಜಾಗದಲ್ಲಿ ಬಸವನಹುಳು ಇತ್ತು. "ಕಲೆ ಹೋಗಲ್ಲಮ್ಮ, ಆದ್ರೆ ಅದರ ಮೇಲೆ ಯಾರನ್ನಾದ್ರೂ ಕೂರಿಸ್ಬೋದು. ಋತು ತಪ್ಪಿದೆ, ಗೊತ್ತಿರೋರು ನಗ್ತಾರೆ, ನಗ್ಲಿ ಬಿಡು" ಎಂದರು. ಮದುವೆಯಾದಾಗ ಪದ್ಧತಿಯಂತೆ ಕಿಮೊನೊದ ಉದ್ದ ತೋಳು ಕತ್ತರಿಸಿ ಗಿಡ್ಡ ಮಾಡಿಸಿದೆ. ಹುಳು ಮಾತ್ರ ಮಂಡಿಯ ಮೇಲೆ ಹಾಗೆಯೇ ಉಳಿಯಿತು. ಇಂದು ನೀನು ಮೂರು ಬಣ್ಣದಲ್ಲಿ ತೂಗುಹಾಕಿರುವುದು ಚೆಲ್ಲಿದ ಸಾರಿನ ಕಲೆ, ತಮ್ಮಾ. ಮುದ್ರಿಸುವವನಿಗೆ ಗೊತ್ತಿರಲಿಲ್ಲ, ಕಜುಯೊ ಅವರಿಗೂ ಗೊತ್ತಿಲ್ಲ. ಬಣ್ಣದ ಬಟ್ಟಲುಗಳ ನಡುವೆ ಅಂಬೆಗಾಲಿಟ್ಟು ಬೆಳೆದ ನಿನಗೆ?

ಎರಡು ವರ್ಷದ ಹಿಂದಿನ ಆ ಬುಧವಾರ ನೀನು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. "ಅಕ್ಕಾ, ಅಪ್ಪನ ಕೆಲಸದ್ದೆಲ್ಲಾ ಫೋಟೋ ತೆಗೆಸಿ ಒಂದು ಪುಸ್ತಕ ಮಾಡಿಸೋಣ, ಪೂಜೆ ದಿನ ದೇವಸ್ಥಾನಕ್ಕೆ ಕೊಡೋಣ. ಮೂರು ದಿನ ಕೊಡು ಸಾಕು." ಗ್ರಂಥಾಲಯದಲ್ಲಿ ಮೂವತ್ತಾರು ವರ್ಷ ಕೆಲಸ ಮಾಡಿದವಳಿಗೆ ಪುಸ್ತಕ ಎಂದರೆ ಸಾಕು ಎಂದು ನಿನಗೆ ಗೊತ್ತು. ಮೂರು ದಿನ ಹತ್ತೊಂಬತ್ತಾಯಿತು. ಹೊಸ ಮಡಿಕೆ ಕಾಗದದಲ್ಲಿ ಸುತ್ತಿ, ಮೇಲೆ ಹುರುಳಿ ಸಿಹಿಯ ಡಬ್ಬಿ ಇಟ್ಟು ನೀನು ವಾಪಸು ತಂದೆ. ತಮ್ಮನಿಗೆ ಎಷ್ಟು ಜೋಪಾನ ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದೆ ನಾನು! ಪುಸ್ತಕ ಎಲ್ಲಿ ಎಂದು ಕೇಳಿದಾಗಲೆಲ್ಲ "ಅಚ್ಚಿನಲ್ಲಿದೆ ಅಕ್ಕಾ" ಎನ್ನುತ್ತಿದ್ದೆ. ಸುಳ್ಳಲ್ಲ. ಅಚ್ಚಿನಲ್ಲೇ ಇತ್ತು.

ಇದಕ್ಕಿಂತ ಹೆಚ್ಚು ನೋಯಿಸಿದ್ದು ಆ ಮುದ್ರೆ. ಅಪ್ಪನ ಅಂತ್ಯಕ್ರಿಯೆಯ ದಿನ ಶವಪೆಟ್ಟಿಗೆ ಮುಚ್ಚುವ ಮೊದಲು ನೀನು ಅವರ ಮರದ ಮುದ್ರೆಯನ್ನು ಅವರ ಕೈಯಲ್ಲೇ ಇಟ್ಟೆ. "ಇನ್ನು ಇದು ಯಾರ ಬಟ್ಟೆ ಮೇಲೂ ಬೀಳಬಾರದು" ಎಂದೆ. ಅದು ಅಪ್ಪನ ಜೊತೆಯಲ್ಲೇ ಬೂದಿಯಾಯಿತು, ನಾನು ಕಣ್ಣಾರೆ ನೋಡಿದ್ದೇನೆ. ಹನ್ನೆರಡು ವರ್ಷ ನಿನ್ನ ಎಷ್ಟೋ ತಪ್ಪುಗಳನ್ನು ಆ ಒಂದು ಕೆಲಸಕ್ಕಾಗಿ ಮನ್ನಿಸಿದ್ದೆ. ಸುಟ್ಟ ಮುದ್ರೆಯನ್ನು ನೀನು ನನ್ನ ಕಿಮೊನೊದ ಒಳಮಡಿಕೆಯ ಗುರುತಿನಿಂದ ಪಡಿಯಚ್ಚು ತೆಗೆದು ಎಬ್ಬಿಸಿಕೊಂಡೆ. ಕೊನೆಯ ವರ್ಷಗಳ ಕೃತಿಯಂತೆ! ಕೊನೆಯ ಎಂಟು ವರ್ಷ ಅಪ್ಪನ ಕೈ ಚಹಾದ ಲೋಟವನ್ನೂ ಹಿಡಿಯುತ್ತಿರಲಿಲ್ಲ, ಕುಡಿಸುತ್ತಿದ್ದವಳು ನಾನು.

ಅಂಗಡಿಯಿಂದ ನೇರವಾಗಿ ಶಿಗೆಮಿತ್ಸು ಅವರ ಮನೆಗೆ ಹೋದೆ. ಅಪ್ಪನ ಶಿಷ್ಯ, ಐವತ್ತು ವರ್ಷ ನಮ್ಮ ಅಂಗಡಿಗೇ ಬರೆದವರು, ಈಗ ಎಂಬತ್ತೆರಡು. ಕುಂಚಗಳನ್ನು ತೊಳೆದು, ಒಣಗಿಸಿ, ಪತ್ರಿಕೆಯಲ್ಲಿ ಸುತ್ತಿ ಇಟ್ಟಿದ್ದರು. ನೀನು ಅವರಿಗೆ ಕೆಲಸ ಕೊಡುವುದನ್ನು ನಿಲ್ಲಿಸಿದ್ದೂ ನನ್ನ ಕಿಮೊನೊ ಒಯ್ದ ಆ ವರ್ಷದ ವಸಂತದಲ್ಲೇ ಎಂದು ನನಗೆ ಆಗ ತಿಳಿಯಿತು. ಕೈಬರಹ ಈಗ ಯಾರಿಗೂ ಬೇಡ ಎಂದೆಯಂತೆ. "ಬೇಡ ಅಂದ್ರೆ ಸರಿ, ಆದ್ರೆ ಚೀಟಿ ಮೇಲೆ ಕೈಬರಹ ಅಂತಾನೇ ಹಾಕ್ತಾನಲ್ಲಮ್ಮ ಫುಮಿ. ನಮ್ಮ ಗುರು ಸತ್ತ ಮೇಲೆ ನನಗಿಂತ ಚುರುಕಾಗಿಬಿಟ್ಟಿದಾರೆ, ಮೂರು ಮೂರು ಬಣ್ಣದಲ್ಲಿ ಬರೀತಾರೆ" ಎಂದು ನಕ್ಕರು. ಆ ನಗುವನ್ನು ನೀನು ನೋಡಬೇಕಿತ್ತು. ಹುಳುವಿನ ಚಿಪ್ಪಿಗೆ ಬಣ್ಣ ಅರೆದುಕೊಟ್ಟವರೇ ಅವರು. ಕಿಟಕಿಯಲ್ಲಿ ಕಂಡ ದಿನವೇ ಗುರುತು ಹಿಡಿದಿದ್ದಾರೆ. ಯಾಕೆ ನನಗೆ ಹೇಳಲಿಲ್ಲ ಎಂದು ಕೇಳಿದೆ. "ಆ ಮನೆ ಅನ್ನ ತಿಂದೋನು ನಾನು" ಎಂದರು, ಅಷ್ಟೇ. ನಾನೂ ಆ ಮನೆಯ ಅನ್ನ ತಿಂದವಳೇ. ಅದಕ್ಕೇ ಸುಮ್ಮನಿರಲು ಆಗುತ್ತಿಲ್ಲ.

ಕಾಲ ಬದಲಾಗಿದೆ ಎನ್ನುತ್ತೀಯ. ಬದಲಾಗಲಿ. ಯಂತ್ರದಲ್ಲಿ ಮುದ್ರಿಸು, ಅದಕ್ಕೂ ಉಡುವವರಿದ್ದಾರೆ. ಮುದ್ರಿಸಿದ್ದು ಎಂದು ಚೀಟಿ ಹಾಕು, ನಾನೇ ಬಂದು ಮೊದಲನೆಯದನ್ನು ಕೊಳ್ಳುತ್ತೇನೆ. ನಿನಗೆ ಹದಿನಾಲ್ಕಾಗಿದ್ದಾಗ ಬಣ್ಣಗಾರರ ಸಂಘದ ಸಭೆಗೆ ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಹೋದದ್ದು ನೆನಪು ಮಾಡಿಕೊ. ಒಬ್ಬ ವ್ಯಾಪಾರಿ ಅಚ್ಚು ಹಾಕಿದ ಬಟ್ಟೆಯನ್ನು ಕೈಬರಹವೆಂದು ಮಾರಿದ್ದ. ಒಳಗೊಳಗೇ ಮುಗಿಸಿಬಿಡೋಣ ಎಂದರು ಹಿರಿಯರೆಲ್ಲ. ಅಪ್ಪ ಎದ್ದು ನಿಂತು, "ತಪ್ಪು ಬೀದಿ ಬಾಗಿಲಲ್ಲಿ ಮಾಡಿದಾನೆ, ಕ್ಷಮೆ ಹಿತ್ತಿಲಲ್ಲಿ ಕೇಳ್ತಾನಾ?" ಎಂದರು. ಮನೆಗೆ ಬರುವಾಗ ದಾರಿಯುದ್ದಕ್ಕೂ ನೀನು ಅದನ್ನು ಅಪ್ಪನ ದನಿಯಲ್ಲೇ ಹೇಳಿ ಹೇಳಿ ನಮ್ಮನ್ನು ನಗಿಸಿದೆ. ನಿನ್ನ ಆಮಂತ್ರಣ ಬಂದಿದೆ: ಜೂನ್ ಒಂಬತ್ತು, ಭಾನುವಾರ, ಪೂಜೆಯ ಬಳಿಕ ಅಂಗಡಿಯಲ್ಲಿ 'ಸೋಹಾಚಿಯವರ ಕೊನೆಯ ಕೃತಿಗಳ ಪ್ರದರ್ಶನ', ಸಂಘದವರು, ಪತ್ರಿಕೆಯವರು, ಹಳೆಯ ಗಿರಾಕಿಗಳು. ನಾನು ಬರುತ್ತೇನೆ. ಪೂಜೆಗೆ ಸಾದಾ ಬೂದು ಕಿಮೊನೊ. ಪ್ರದರ್ಶನಕ್ಕೆ ಅದನ್ನು ಬದಲಿಸಿ ತ್ಸುಕುಶಿಯದನ್ನು ಉಟ್ಟು ಬರುತ್ತೇನೆ. ಎಪ್ಪತ್ತಾಯಿತಲ್ಲ. ಶಿಗೆಮಿತ್ಸು ಅವರೂ ಜೊತೆಗಿರುತ್ತಾರೆ. ಅಷ್ಟರೊಳಗೆ ಆ ಮೂರನ್ನೂ ಕೆಳಗಿಳಿಸಿ, ಅವು ಅಪ್ಪನ ಕೈಯವಲ್ಲ, ಮುದ್ರೆ ನೀನು ಹಾಕಿಸಿದ್ದು ಎಂದು ನಿನ್ನದೇ ಅಕ್ಷರದಲ್ಲಿ ಬರೆದು ಬೀದಿಯ ಗಾಜಿಗೆ ಅಂಟಿಸಿದರೆ, ನಾನು ಉಳಿದವರಂತೆ ಚಹಾ ಕುಡಿದು ಬರುತ್ತೇನೆ. ಮೂರು ಸಲ ಫೋನು ಮಾಡಿದೆ, ನೀನು ಎತ್ತಲಿಲ್ಲ. ಇನ್ನು ಮಾಡುವುದಿಲ್ಲ.

ಸಾತೊಎಗೆ ನನ್ನ ನೆನಪು ಹೇಳು. ಕೆಮ್ಮಿಗೆ ಮೂಲಂಗಿಯನ್ನು ಜೇನಿನಲ್ಲಿ ನೆನೆಸಿ ಕೊಡು. ಮಂಡಿಗೆ ತಣ್ಣೀರು ಸೋಕಿಸಬೇಡ. ಮುನಿದರೂ ನಾನು ನಿನಗೆ ಕೆಡುಕು ಬಯಸಲಾರೆ. ನಿನ್ನ ಬೆನ್ನು ಮಾತ್ರ ಬೋಳಾಗದಿರಲಿ ಎಂದು ಅಪ್ಪನ ಪಟದ ಮುಂದೆ ದಿನವೂ ಧೂಪ ಹಚ್ಚಿ ಕೇಳಿಕೊಳ್ಳುತ್ತಿದ್ದೇನೆ.

ನಿನ್ನ ಅಕ್ಕ,
ಫುಮಿಎ

ತಾ.ಕ.: ಅಂಚೆಡಬ್ಬಿಯ ತನಕ ಹೋಗಿ ಹಿಂದಿರುಗಿ ಬಂದು, ಲಕೋಟೆ ಹರಿದು ಬರೆಯುತ್ತಿದ್ದೇನೆ. ಮೇಲೆ 'ಬಟ್ಟಲು ಮಗುಚಿತು' ಎಂದು ಬರೆದುಬಿಟ್ಟೆ. ಬಟ್ಟಲು ತಾನಾಗಿ ಮಗುಚುವುದಿಲ್ಲ. ನನ್ನ ಉದೋನಿನ ಮೇಲಿದ್ದ ಕರಿದ ತೋಫು ಕದಿಯಲು ಕೈ ಚಾಚಿದವನು ಹನ್ನೊಂದು ವರ್ಷದ ನೀನು. "ಯಾರು?" ಎಂದು ಅಪ್ಪ ಕೇಳಿದಾಗ ನಿನ್ನ ತುಟಿ ಬೆಳ್ಳಗಾಗಿತ್ತು. "ನಾನೇ ಅಪ್ಪಾ" ಎಂದವಳು ನಾನು. ನಲವತ್ತೊಂಬತ್ತು ವರ್ಷ ಎಲ್ಲರಿಗೂ ಅದನ್ನೇ ಹೇಳಿದ್ದೇನೆ, ಶಿಗೆಮಿತ್ಸು ಅವರಿಗೂ, ಸಾಯುವ ಮುಂಚೆ ನಗುತ್ತಾ ಕೇಳಿದ ಅಪ್ಪನಿಗೂ. ಜೂನ್ ಒಂಬತ್ತರಂದು ಆ ಚೀಟಿ ಗಾಜಿನ ಮೇಲೆ ಇಲ್ಲದಿದ್ದರೆ, ಎಲ್ಲರ ಎದುರು ನಿನಗೆ ಒಂದೇ ಪ್ರಶ್ನೆ ಕೇಳುತ್ತೇನೆ: ಆ ಬಸವನಹುಳು ಅಲ್ಲಿ ಯಾಕೆ ಕೂತಿದೆ? ಈ ಸಲ ನಾನು 'ನಾನೇ' ಎನ್ನುವುದಿಲ್ಲ. ಹಿಂದಿನ ಸಾಲಿನವರಿಗೂ ಕೇಳಿಸುವ ಹಾಗೆ ಉತ್ತರ ನೀನು ಹೇಳು.