ಚಲೋ ಆಡಿದವನ ಕೊಡ

ಸಾಬಣ್ಣ ಕಾಕಾ,

ಈ ಸಲದ ಮ್ಯಾಚುಗಳು ಶುರುವಾಗಿವೆ. ನೀನು ಕಣ್ಣು ಮುಚ್ಚಿದ ಮೇಲೆ ಇವೇ ಮೊದಲನೆಯವು. ಹತ್ತಿ ಬಿಡಿಸಿ ಮುಗಿದ ಹೊಲವನ್ನು ನಾವೇ ತುಳಿದು, ನೀರು ಹೊಡೆದು ಪಿಚ್ ಮಾಡಿದೆವು. ನೀನಿದ್ದಿದ್ದರೆ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಯಾರ್ ಚಲೋ ಆಡಾಕತ್ಯಾರಲೇ?" ಅದನ್ನು ಹೇಳಲಿಕ್ಕೇ ಕುಳಿತಿದ್ದೇನೆ. ಆದರೆ ಹೇಳಹೊರಟರೆ ಸಿಟ್ಟೇ ಮುಂದೆ ಬರುತ್ತದೆ.

ಗೋಗಿಯಲ್ಲಿ ಶಿರವಾಳದವರ ಮೇಲೆ ಆಡಿದ ಮೊದಲ ಮ್ಯಾಚು ಇನ್ನೂ ಕಣ್ಣ ಮುಂದಿದೆ. ನಮ್ಮ ಮಲ್ಲು ಹೊಡೆದ ಚೆಂಡು ರಸ್ತೆ ದಾಟಿ ಆಟೊದ ಮೇಲೆ ಬಿತ್ತು. ಆಟೊದವನು ಬೈಯುವುದು ಬಿಟ್ಟು ಇಳಿದು ನಿಂತು ಚಪ್ಪಾಳೆ ಹೊಡೆದ. ಸುಳ್ಳು ಯಾಕೆ ಹೇಳಲಿ, ಮಲ್ಲು ಈ ಸಲ ಚಿಂದಿ ಆಡುತ್ತಿದ್ದಾನೆ. ಆದರೆ ಅವತ್ತು ಗೆಲ್ಲಿಸಿದವನು ಹಣಮಂತ. ಬೆರಳು ಹೊರಳಿಸಿ ಮೆಲ್ಲಗೆ ಹಾಕುವುದನ್ನು ನೀನೇ ಕಲಿಸಿದ್ದೆಯಲ್ಲ, ಅದೇ ಚೆಂಡು. ಅವರು ಬ್ಯಾಟು ಬೀಸಿ ಮುಗಿಸಿದ ಮೇಲೆ ಅದು ಬರುತ್ತದೆ, ನನ್ನ ಗ್ಲೌಸಿಗೆ ಬಂದು ಕೂರುತ್ತದೆ. ವಿಕೆಟ್ ಹಿಂದೆ ನಿಂತವನಿಗೆ ಅದು ಕಂಡಷ್ಟು ಯಾರಿಗೆ ಕಾಣಬೇಕು? ಮೊಬೈಲುಗಳೆಲ್ಲ ಮಲ್ಲುವಿನ ಕಡೆಗೇ ಇದ್ದವು.

ನೀನು ನನ್ನ ಹೆಗಲ ಮೇಲೆ ಕೆಂಪು ಪ್ಲಾಸ್ಟಿಕ್ ಕೊಡ ಇಟ್ಟ ದಿನ ನೆನಪಿದೆಯೇ? "ಹಿಂದಿನ ಮ್ಯಾಚಿನಾಗ ನೀನೇ ಸಾಹುಕಾರ, ಹೊರು!" ಎಂದಿದ್ದೆ. ಚೆನ್ನಾಗಿ ಆಡಿದವನು ಮುಂದಿನ ಮ್ಯಾಚಿಗೆ ನೀರು ಹೊರಬೇಕು, ಎಲ್ಲರಿಗೂ ತನ್ನ ಕೈಯಾರೆ ಹಾಕಬೇಕು. ಯಾರ ಕೈಯ ನೀರಾದರೂ ಎಲ್ಲರೂ ಕುಡಿಯಬೇಕು. "ಅಂದ್ರ ತಲಿ ಭುಜದ ಮ್ಯಾಲೇ ಇರತದ" ಎನ್ನುತ್ತಿದ್ದೆ. ಅವತ್ತು ಅಂಗಿಯೆಲ್ಲ ತೊಯ್ದರೂ ನನಗೆ ಎಷ್ಟು ಹೆಮ್ಮೆ ಎಂದರೆ...

ಕೊಂಕಲ್‌ಗೆ ಮುಂದಿನ ಮ್ಯಾಚಿಗೆ ಹೊರಟ ಬೆಳಗ್ಗೆ ನಿನ್ನ ಮಗ ಶರಣು ಅಣ್ಣ ಕೊಡವನ್ನು ಮಲ್ಲುವಿನ ಮುಂದೆ ಇಟ್ಟ. ಈಗ ಅವನೇ ಕ್ಯಾಪ್ಟನ್; ಅವನ ಲೆಕ್ಕಕ್ಕೆ ಗೋಗಿಯಲ್ಲಿ ಚಲೋ ಆಡಿದವನು ಮಲ್ಲು. ಮಲ್ಲು ಕೊಡದ ಕಡೆ ನೋಡಲೂ ಇಲ್ಲ.

"ಸುರಪುರದವ್ರು ನನ್ನನ್ನ ಕಾರಿನಾಗ ಕರ್ಕೊಂಡು ಹೋಗ್ತೀವಿ ಅನ್ನಾಕತ್ಯಾರ. ನೀವು ನೋಡಿದ್ರ ಕೊಡ ಹೊರು ಅಂತೀರಿ!"

ಅವನು ಬೇರೆ ಟೀಮಿಗೆ ಹೋದಾನೆಂದು ಅಣ್ಣನಿಗೆ ಭಯ. "ಆತು ಬಿಡಪ, ಸಿಟ್ಟಿಗೇಳಬ್ಯಾಡ" ಎಂದ. ಹಣಮಂತ ಮುಂದೆ ಬಂದು ಕೊಡ ಎತ್ತಿಕೊಂಡ. "ನಾನೂ ವಿಕೆಟ್ ತಗೊಂಡೀನಲ್ಲ, ನಂದೂ ಪಾಳಿ ಅದ" ಎಂದು ನಕ್ಕ. ಕೊಂಕಲ್‌ನಲ್ಲೂ ಅವನದೇ ಆಟ. ಹಾಗಾಗಿ ಅದರ ಮುಂದಿನ ಮ್ಯಾಚಿಗೂ ಕೊಡ ಅವನ ಹೆಗಲಿಗೇ ಬಂತು. ಈ ವರ್ಷ ಸೇರಿದ ಹೊಸಬರಿಗೆ ನಿನ್ನ ನಿಯಮ ಏನು ಗೊತ್ತು? "ಏ ನೀರಣ್ಣಾ, ಇತ್ತಾಗ ಬಾ!" ಎಂದು ಲೋಟ ಚಾಚಿದರು. ಚೆನ್ನಾಗಿ ಆಡಿದಷ್ಟೂ ಅವನು ಅವರ ಕಣ್ಣಿಗೆ ನೀರು ಹೊರುವವನೇ ಆಗುತ್ತ ಹೋದ. ಇದಕ್ಕೆ ಏನನ್ನಬೇಕು ಕಾಕಾ?

ಶಹಾಪುರದ ಮ್ಯಾಚಿನ ದಿನ ನಾನು ಗ್ಲೌಸ್ ಕಟ್ಟಿಕೊಳ್ಳುತ್ತಿದ್ದೆ. ಅಣ್ಣ ಹನ್ನೊಂದು ಹೆಸರು ಓದಿದ. ಹಣಮಂತನ ಹೆಸರೇ ಇಲ್ಲ. ಯಾಕೆಂದು ಯಾರೋ ಕೇಳಿದ್ದಕ್ಕೆ, "ಹೆಂಗೂ ನೀರಿಗಿ ಹೊರಗ ಒಬ್ಬಾಂವ ಬೇಕಲ್ಲ" ಎಂದ. ನಿನ್ನ ಮಗ, ಕಾಕಾ! ನಿನ್ನ ಹೊಟ್ಟೆಯಲ್ಲಿ ಹುಟ್ಟಿದವನು! ಮಲ್ಲು ಚೆನ್ನಾಗಿಯೇ ಹೊಡೆದ. ಆದರೆ ಅವರು ನಮ್ಮ ಬೌಲರುಗಳನ್ನು ಅದಕ್ಕಿಂತ ಚೆನ್ನಾಗಿ ಹೊಡೆದರು. ಸೋತೆವು. ಹಣಮಂತ ಗೆರೆಯ ಆಚೆ ಕೊಡದ ಪಕ್ಕ ಕುಳಿತು ಬೆರಳು ಹೊರಳಿಸುತ್ತಲೇ ಇದ್ದ.

ವಾಪಸ್ ಬರುವಾಗ ಟೆಂಪೊದಲ್ಲಿ ನನ್ನ ಬಾಯಿಂದ ಮಾತು ಹೊರಬಿತ್ತು. "ಹಣಮಂತ ಆಡಿದ್ರ ಸೋಲ್ತಿದ್ದಿಲ್ಲ."

"ಯಪ್ಪಾ! ಇವಂಗೂ ಬಾಯಿ ಅದ!" ಎಂದ ಮಲ್ಲು. ಎಲ್ಲರೂ ನಕ್ಕರು. ಅಣ್ಣ ಮೊಬೈಲು ನೋಡುತ್ತ ಕುಳಿತ. ಇನ್ನೂ ಹೇಳಬೇಕಿತ್ತು, ಆದರೆ...

ಮರುದಿನ ಹಣಮಂತನ ಮನೆಗೆ ಹೋದೆ. ಕೊಡ ಇರಲಿಲ್ಲ. "ಶರಣು ಅಣ್ಣನ ಮನಿ ಕಟ್ಟಿ ಮ್ಯಾಲ ಇಟ್ಟು ಬಂದೀನಿ" ಎಂದ. "ನಿನ್ನಿ ನಾ ಆಡಿಲ್ಲ. ಆಡದಾಂವ ಹೊರಬಾರ್ದು, ಕಾಕಾನ ಮಾತದು." ದನಿಯಲ್ಲಿ ಸಿಟ್ಟೂ ಇರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ನೀನು ಕೂರುತ್ತಿದ್ದ ಕಟ್ಟೆಯ ಮೇಲೆ ಆ ಕೊಡ ದಿನಗಟ್ಟಲೆ ಹಾಗೇ ಇತ್ತು. ಅಣ್ಣ ಅದನ್ನು ಮುಟ್ಟದೆ ಸುತ್ತಿಕೊಂಡು ಒಳಗೆ ಹೋಗುತ್ತಿದ್ದ, ಹೊರಗೆ ಬರುತ್ತಿದ್ದ. ನಿನ್ನೆ ನನ್ನನ್ನು ನಿಲ್ಲಿಸಿ, "ಇದನ್ನೀಗ ಯಾರ್ ಹೊರಬೇಕಲೇ?" ಎಂದು ಕೇಳಿದ.

"ಯಾರೂ ಗೆಲ್ಲಿಸಿಲ್ಲಲ್ಲಣ್ಣಾ" ಎಂದೆ. "ಈ ಸಲ ಸೋಲಿಸಿದಾಂವ ಹೊರಲಿ."

ಹೊಡೆಯಲು ಕೈ ಎತ್ತುತ್ತಾನೆ ಅಂದುಕೊಂಡೆ. ಕೊಡವನ್ನೊಮ್ಮೆ ನೋಡಿ ಒಳಗೆ ಹೋದ.

ಭಾನುವಾರ ಸುರಪುರದವರ ಮೇಲೆ ಮ್ಯಾಚು. ಮಲ್ಲು ನಮ್ಮ ಕಡೆ ಇರುತ್ತಾನೋ ಅವರ ಕಡೆಯೋ, ಇನ್ನೂ ಬಾಯಿ ಬಿಟ್ಟಿಲ್ಲ. ಎಲ್ಲಿದ್ದರೂ ಇರಲಿ. ಹಣಮಂತನ ಕೈಗೆ ಚೆಂಡು ಕೊಡದಿದ್ದರೆ ನಾನು ಗ್ಲೌಸ್ ಹಾಕುವುದಿಲ್ಲ. ಎಲ್ಲರ ಮುಂದೆ, ನಕ್ಕರೂ ಸರಿ, ಹೇಳುತ್ತೇನೆ. ಇದು ನಿನಗೆ ಕೊಟ್ಟ ಮಾತು.

ಇನ್ನೊಂದು, ಕಾಕಾ. ಇವತ್ತು ಬೆಳಗ್ಗೆ ನಿಮ್ಮ ಮನೆಯ ಮುಂದಿನಿಂದ ಬಂದೆ. ಕೊಡವನ್ನು ತಿಕ್ಕಿ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿತ್ತು. ಶರಣು ಅಣ್ಣನ ಅಂಗಿಯ ತೋಳು ಮೊಣಕೈತನಕ ತೊಯ್ದಿತ್ತು.